ಅಲೆಕ್ಸಾಂಡರ್ ಗೆದ್ದ ಸಾಮ್ರಾಜ್ಯವನ್ನು ಕಟ್ಟಿದವರು ಯಾರು?

ಬ್ಯಾಬಿಲೋನ್ ನಗರದಲ್ಲಿ ಒಂದು ರೂಢಿ ಇತ್ತು. ಮರ್ದುಕ್ ದೇವರ ಗುಡಿಯ ಪಂಡಿತರು ರಾತ್ರಿ ಆಕಾಶ ನೋಡಿ, ಕಂಡದ್ದನ್ನು ಹಸಿಮಣ್ಣಿನ ಹಲಗೆಯ ಮೇಲೆ ಗೀರಿ ಬರೆದಿಡುತ್ತಿದ್ದರು. ಚಂದ್ರ ಯಾವ ನಕ್ಷತ್ರದ ಹತ್ತಿರ ಇದ್ದ, ಗುರುಗ್ರಹ ಯಾವಾಗ ಮುಳುಗಿತು, ಗಾಳಿ ಯಾವ ಕಡೆಯಿಂದ ಬೀಸಿತು, ಹೀಗೆ. ಜೊತೆಗೆ ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆಯ ಧಾರಣೆ ಮತ್ತು ಯೂಫ್ರೆಟಿಸ್ ನದಿಯ ನೀರಿನ ಮಟ್ಟ. ಊರಲ್ಲಿ ದೊಡ್ಡ ಸಂಗತಿ ಏನಾದರೂ ನಡೆದಿದ್ದರೆ ಅದಕ್ಕೂ ಒಂದೆರಡು ಸಾಲು. ನಮಗೆ ಸಿಕ್ಕಿರುವ ಹಲಗೆಗಳಲ್ಲಿ ತೀರಾ ಹಳೆಯದು ಕ್ರಿ.ಪೂ. 652ರದ್ದು, ಕೊನೆಯದು ಕ್ರಿ.ಪೂ. 61ರದ್ದು. ಸುಮಾರು ಆರು ಶತಮಾನ ಈ ಕೆಲಸ ನಡೆಯಿತು.

ಕ್ರಿ.ಪೂ. 323ರ ಹಲಗೆಯಲ್ಲಿ, ಅವರ ಎರಡನೇ ತಿಂಗಳ 29ನೇ ದಿನಕ್ಕೆ ಹೀಗೆ ಬರೆದಿದೆ: ರಾಜ ತೀರಿಕೊಂಡ. ಅದರ ಪಕ್ಕದಲ್ಲೇ, ಮೋಡ ಕವಿದಿತ್ತು ಎಂದಿದೆ. ಈಗಿನ ಲೆಕ್ಕಕ್ಕೆ ಅದು ಜೂನ್ 11.

ಆ ರಾಜ ಅಲೆಕ್ಸಾಂಡರ್. ಆಗ ಅವನಿಗೆ 32 ವರ್ಷ. ಗ್ರೀಸಿನ ಉತ್ತರಕ್ಕಿದ್ದ ಮ್ಯಾಸಿಡೋನಿಯಾದಿಂದ ಹೊರಟು ಪಂಜಾಬಿನ ಬಿಯಾಸ್ ನದಿಯವರೆಗೆ ಬಂದು ಹೋದವನು. ಅವನ ಬಗ್ಗೆ ನಾವು ಓದುವುದೆಲ್ಲ ಹೆಚ್ಚುಕಡಿಮೆ ಗ್ರೀಕ್ ಮತ್ತು ರೋಮನ್ ಲೇಖಕರಿಂದ ಬಂದದ್ದು. ಅವರಲ್ಲಿ ಡಯೊಡೋರಸ್ ಬರೆದದ್ದು ಅಲೆಕ್ಸಾಂಡರ್ ಸತ್ತು ಸುಮಾರು 300 ವರ್ಷಕ್ಕೆ. ಪ್ಲುಟಾರ್ಕ್ ಮತ್ತು ಅರಿಯನ್ ಬರೆದದ್ದು 400 ವರ್ಷ ಕಳೆದ ಮೇಲೆ. ಅವರ ಕೈಯಲ್ಲಿ ಇನ್ನೂ ಹಳೆಯ ಬರಹಗಳಿದ್ದವು, ನಿಜ. ಆದರೂ ಕಥೆಯೆಲ್ಲ ಗೆದ್ದವನ ಹಿಂದೆ ನಿಂತು ನೋಡಿದ್ದು. ಎದುರುಗಡೆ ನಿಂತಿದ್ದವರು ಏನು ಕಂಡರು? ಬ್ಯಾಬಿಲೋನಿನ ಹಲಗೆಯಂಥವು ಅದನ್ನು ಸ್ವಲ್ಪ ಹೇಳುತ್ತವೆ. ಈಜಿಪ್ಟಿನ ಗುಡಿಯ ಗೋಡೆ ಹೇಳುತ್ತದೆ. ಅಫ್ಘಾನಿಸ್ತಾನದ ಕಡೆಯ ಕೆಲವು ಚರ್ಮದ ಹಾಳೆಗಳು ಹೇಳುತ್ತವೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಲೆಕ್ಸಾಂಡರ್ ಖಾಲಿ ಜಾಗದಲ್ಲಿ ಸಾಮ್ರಾಜ್ಯ ಕಟ್ಟಲಿಲ್ಲ. ಇನ್ನೂರು ವರ್ಷದಿಂದ ನಡೆಯುತ್ತಿದ್ದ ಸಾಮ್ರಾಜ್ಯವೊಂದನ್ನು ಕಚೇರಿ, ದಾರಿ, ಲೆಕ್ಕಪತ್ರದ ಸಮೇತ ಕೈಗೆ ತೆಗೆದುಕೊಂಡ.

ಮೊದಲು ಇದ್ದದ್ದು

ಹಾಗಾಗಿ ಕಥೆಯನ್ನು ಪರ್ಷಿಯನ್ನರಿಂದಲೇ ಶುರು ಮಾಡಬೇಕು. ಕ್ರಿ.ಪೂ. 550ರ ಹೊತ್ತಿಗೆ ಸೈರಸ್ ಎಂಬ ದೊರೆ ಇರಾನಿನಲ್ಲಿ ಈ ರಾಜ್ಯಕ್ಕೆ ಅಡಿಪಾಯ ಹಾಕಿದ. 539ರಲ್ಲಿ ಬ್ಯಾಬಿಲೋನ್ ಅವನದಾಯಿತು. ಮೊದಲನೇ ಡೇರಿಯಸ್ ಕಾಲಕ್ಕೆ (ಕ್ರಿ.ಪೂ. 522–486) ಅದು ಈಜಿಪ್ಟಿನಿಂದ ಸಿಂಧೂ ನದಿಯವರೆಗೆ ಹಬ್ಬಿತ್ತು. ಗಾಂಧಾರವೂ ಅದರಲ್ಲೇ ಸೇರಿತ್ತು.

ಇಷ್ಟು ದೊಡ್ಡ ನಾಡನ್ನು ಆಳಿದ್ದು ಹೇಗೆ? ನಾಡನ್ನು ಪ್ರಾಂತ್ಯಗಳಾಗಿ ಹಂಚಿ, ಒಂದೊಂದಕ್ಕೂ ಸತ್ರಪ ಎಂಬ ಅಧಿಕಾರಿಯನ್ನು ಇಟ್ಟಿದ್ದರು. ಇಂದಿನ ಟರ್ಕಿಯ ಸಾರ್ಡಿಸ್‌ನಿಂದ ಇರಾನಿನ ಸೂಸಾವರೆಗೆ ಸುಮಾರು 2,500 ಕಿ.ಮೀ. ರಾಜಮಾರ್ಗವಿತ್ತು. ದಾರಿಯುದ್ದಕ್ಕೂ ತಂಗುದಾಣಗಳು, ಕುದುರೆ ಬದಲಿಸುವ ಠಾಣೆಗಳು. ನಡೆದು ಹೋದರೆ ಮೂರು ತಿಂಗಳ ದಾರಿ. ಅರಸನ ಟಪಾಲು ಮಾತ್ರ ಅದಕ್ಕಿಂತ ಎಷ್ಟೋ ಬೇಗ ತಲುಪುತ್ತಿತ್ತು. ಕಚೇರಿಯ ಭಾಷೆ ಅರಾಮಿಕ್. ಅದು ಪರ್ಷಿಯನ್ನರ ಮನೆಮಾತಲ್ಲ, ಸಿರಿಯಾ ಕಡೆಯ ಭಾಷೆ. ಎಲ್ಲ ಕಡೆಯ ಗುಮಾಸ್ತರಿಗೂ ಅದು ಬರುತ್ತಿತ್ತು ಎಂಬ ಕಾರಣಕ್ಕೆ ಅದನ್ನೇ ಇಟ್ಟುಕೊಂಡರು.

ಪರ್ಷಿಯನ್ ಅರಸರ ರಾಜಧಾನಿ ಪರ್ಸೆಪೊಲಿಸ್‌ನ ಕೋಟೆಯಲ್ಲಿ 1933–34ರಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಯುದ್ಧ, ವಿಜಯ ಯಾವುದೂ ಅದರಲ್ಲಿಲ್ಲ. ಪೂರ್ತಿ ಪಡಿ ಲೆಕ್ಕ. ಯಾವ ಕೆಲಸಗಾರನಿಗೆ ಎಷ್ಟು ಧಾನ್ಯ, ಹೆರಿಗೆಯಾದ ಹೆಂಗಸಿಗೆ ಎಷ್ಟು ಹೆಚ್ಚಿನ ಪಡಿ, ಭಾರತದ ಕಡೆಯಿಂದ ಬಂದ ಪ್ರಯಾಣಿಕನಿಗೆ ದಾರಿಯಲ್ಲಿ ಎಷ್ಟು ಹಿಟ್ಟು ಕೊಟ್ಟರು, ಎಲ್ಲ ಇದೆ. ಸೂಸಾದ ಅರಮನೆ ಕಟ್ಟಿದ ಬಗ್ಗೆ ಡೇರಿಯಸ್ ಹಾಕಿಸಿದ ಶಾಸನವೂ ಇಂಥದ್ದೇ. ಇಟ್ಟಿಗೆ ಮಾಡಿದವರು ಬ್ಯಾಬಿಲೋನಿನವರು. ಕಲ್ಲು ಕೆತ್ತಿದವರು ಅಯೋನಿಯಾದ ಗ್ರೀಕರು ಮತ್ತು ಸಾರ್ಡಿಸ್‌ನವರು. ಚಿನ್ನದ ಕೆಲಸ ಮೀಡಿಯನ್ನರದು ಮತ್ತು ಈಜಿಪ್ಟಿನವರದು. ಆನೆದಂತ ಬಂದದ್ದು ಇಥಿಯೋಪಿಯಾ ಮತ್ತು ಸಿಂಧೂ ಕಡೆಯಿಂದ. ಅಲೆಕ್ಸಾಂಡರ್ ಬಂದು ಗ್ರೀಕರನ್ನೂ ಪೂರ್ವದವರನ್ನೂ ಸೇರಿಸಿದ ಎಂದು ಎಷ್ಟೋ ಕಡೆ ಓದುತ್ತೇವೆ ಅಲ್ವಾ? ಅವನು ಹುಟ್ಟುವುದಕ್ಕೆ ನೂರೈವತ್ತು ವರ್ಷ ಮೊದಲೇ ಅವರು ಒಂದೇ ಅರಮನೆಯ ಕೆಲಸದಲ್ಲಿ ಜೊತೆಗಿದ್ದರು.

ಅಪ್ಪನ ಸೈನ್ಯ

ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್. ಸೈನ್ಯವನ್ನು ಹೊಸದಾಗಿ ಕಟ್ಟಿದ್ದು ಅವನೇ. ಕಾಲಾಳುಗಳಿಗೆ ಐದಾರು ಮೀಟರ್ ಉದ್ದದ ಈಟಿ, ಪಕ್ಕದಿಂದ ನುಗ್ಗಲು ಪಳಗಿದ ಕುದುರೆಪಡೆ. ಗ್ರೀಕ್ ನಗರಗಳನ್ನು ಬಗ್ಗಿಸಿದ್ದೂ, ಪರ್ಷಿಯಾದ ಮೇಲೆ ಹೋಗುವ ಯೋಜನೆ ಹಾಕಿದ್ದೂ ಅವನೇ. 336ರಲ್ಲಿ ಅವನ ಕೊಲೆಯಾಯಿತು. ಇಪ್ಪತ್ತು ವರ್ಷದ ಮಗ ಪಟ್ಟಕ್ಕೆ ಬಂದ. ಮರುವರ್ಷವೇ ತಿರುಗಿಬಿದ್ದ ಥೀಬ್ಸ್ ನಗರವನ್ನು ನೆಲಸಮ ಮಾಡಿ, ಜನರನ್ನು ಗುಲಾಮರಾಗಿ ಮಾರಿದ. ಥೀಬ್ಸ್ ಕೂಡ ಗ್ರೀಕ್ ನಗರವೇ ಎಂಬುದನ್ನು ಮರೆಯಬಾರದು. 334ರಲ್ಲಿ ಮೂವತ್ತು ನಲವತ್ತು ಸಾವಿರ ಸೈನಿಕರೊಂದಿಗೆ ಕಡಲ ಕಾಲುವೆ ದಾಟಿ ಏಷ್ಯಾಕ್ಕೆ ಬಂದ.

ಯುದ್ಧಗಳ ವಿವರಕ್ಕೆ ನಾನಿಲ್ಲಿ ಹೋಗುವುದಿಲ್ಲ. ಗ್ರನೈಕಸ್ 334ರಲ್ಲಿ, ಇಸಸ್ 333ರಲ್ಲಿ, ಗೌಗಮೇಲ 331ರಲ್ಲಿ. ಮೂರರಲ್ಲೂ ಗೆದ್ದ. ಗೆದ್ದ ಮೇಲೆ ಏನು ಮಾಡಿದ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಸಾರ್ಡಿಸ್‌ನಲ್ಲಿ ಅಲ್ಲಿನವರ ಹಳೆಯ ಕಾನೂನು ಹಾಗೇ ಇರಲಿ ಎಂದ. ಪಕ್ಕದ ಕೇರಿಯಾದಲ್ಲಿ ಅಧಿಕಾರ ಕಳೆದುಕೊಂಡಿದ್ದ ರಾಣಿ ಅಡಾ ಅವನನ್ನು ಮಗನಾಗಿ ದತ್ತು ತೆಗೆದುಕೊಂಡಳು. ಇವನು ಒಪ್ಪಿ, ಅವಳ ರಾಜ್ಯ ಅವಳಿಗೇ ಕೊಟ್ಟ. ದಿನವೂ ಅವಳು ತಿಂಡಿ ತಿನಿಸು ಕಳಿಸುತ್ತಿದ್ದಳಂತೆ. ಸಾಲದ್ದಕ್ಕೆ ಒಳ್ಳೆಯ ಅಡುಗೆಯವರನ್ನೂ ಕಳಿಸಲು ಹೊರಟಳು ಎಂದು ಪ್ಲುಟಾರ್ಕ್ ಬರೆಯುತ್ತಾನೆ.

ಟೈರ್‌ನಲ್ಲಿ ಆದದ್ದೇ ಬೇರೆ. ಇಂದಿನ ಲೆಬನಾನಿನ ಈ ಊರು ಆಗ ದ್ವೀಪ. ಅಲ್ಲಿನ ಮೆಲ್‌ಕಾರ್ಟ್ ದೇವರನ್ನು ಗ್ರೀಕರು ತಮ್ಮ ಹೆರಾಕ್ಲಿಸ್ ಎಂದೇ ತಿಳಿದಿದ್ದರು. ಊರೊಳಗೆ ಬಂದು ಪೂಜೆ ಮಾಡುತ್ತೇನೆ ಎಂದು ಅಲೆಕ್ಸಾಂಡರ್ ಹೇಳಿಕಳಿಸಿದ. ಊರವರು ಬೇಡ ಎಂದರು. ಸಮುದ್ರಕ್ಕೆ ಕಲ್ಲು ಮಣ್ಣು ಸುರಿಸಿ ದಾರಿ ಕಟ್ಟಿಸಿದ. ಏಳು ತಿಂಗಳ ಮುತ್ತಿಗೆಯ ಮೇಲೆ ಊರು ಬಿತ್ತು. ಸಿಕ್ಕ ಗಂಡಸರಲ್ಲಿ ಸುಮಾರು 2,000 ಜನರನ್ನು ಕಡಲ ದಂಡೆಯಲ್ಲಿ ಶಿಲುಬೆಗೇರಿಸಿದರು, ಸುಮಾರು 30,000 ಜನರನ್ನು ಗುಲಾಮರಾಗಿ ಮಾರಿದರು ಎಂದು ಪುರಾತನ ಲೇಖಕರೇ ಹೇಳುತ್ತಾರೆ. ಆ ದಾರಿಯ ಸುತ್ತ ಮರಳು ತುಂಬಿ, ಟೈರ್ ಇವತ್ತಿಗೂ ದ್ವೀಪವಲ್ಲ, ನೆಲಕ್ಕೆ ಅಂಟಿಕೊಂಡ ಊರು. ತಲೆಬಾಗಿದವರಿಗೆ ಅವರ ದೇವರು, ಅವರ ಕಾನೂನು ಅವರಿಗೇ. ಎದುರು ನಿಂತರೆ ಈ ಗತಿ. ಅವನ ಉದಾರತೆಯ ಬಗ್ಗೆ ಮಾತಾಡುವಾಗ ಎರಡನ್ನೂ ಒಟ್ಟಿಗೆ ಹೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫೇರೋ ಆದದ್ದು

ಈಜಿಪ್ಟಿನಲ್ಲಿ ಯುದ್ಧವೇ ಆಗಲಿಲ್ಲ. ಪರ್ಷಿಯನ್ ಸತ್ರಪ 332ರಲ್ಲಿ ಸುಮ್ನೆ ಶರಣಾದ. ಹತ್ತು ವರ್ಷ ಮೊದಲಷ್ಟೇ ಪರ್ಷಿಯನ್ನರು ಈಜಿಪ್ಟನ್ನು ಎರಡನೇ ಸಲ ಗೆದ್ದಿದ್ದರು. ಅಲ್ಲಿನ ಜನಕ್ಕೆ ಅವರ ಮೇಲೆ ಪ್ರೀತಿ ಇರಲಿಲ್ಲ. ಅಲೆಕ್ಸಾಂಡರ್ ಮೆಂಫಿಸ್‌ಗೆ ಹೋಗಿ ಏಪಿಸ್ ಎಂಬ ಪವಿತ್ರ ಹೋರಿಗೆ ಪೂಜೆ ಸಲ್ಲಿಸಿದ. ಲಿಬಿಯಾದ ಮರುಭೂಮಿ ದಾಟಿ ಸಿವಾ ಎಂಬ ಓಯಸಿಸ್‌ಗೆ ಹೋಗಿ ಅಮೋನ್ ದೇವರ ವಾಣಿ ಕೇಳಿಬಂದ. ಕಡಲ ದಂಡೆಯಲ್ಲಿ ಅಲೆಕ್ಸಾಂಡ್ರಿಯಾ ಎಂಬ ಊರಿಗೆ ಗುರುತು ಹಾಕಿದ.

ಲಕ್ಸರ್ ದೇವಾಲಯದ ಒಳಗೆ, ದೇವರ ದೋಣಿ ಇಡುವ ಗರ್ಭಗುಡಿಯನ್ನು ಅವನ ಹೆಸರಲ್ಲಿ ಹೊಸದಾಗಿ ಕಟ್ಟಿದ್ದಾರೆ. ಅದರ ಗೋಡೆ ನೋಡಿದರೆ ಯಾವ ಗ್ರೀಕನೂ ಕಾಣುವುದಿಲ್ಲ. ಫೇರೋ ವೇಷದ ಅರಸ ಅಮೋನ್ ದೇವರ ಮುಂದೆ ನೈವೇದ್ಯ ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ಚಿತ್ರಲಿಪಿಯಲ್ಲಿ ಹೆಸರು: ರಾ ದೇವರು ಆರಿಸಿದವನು, ಅಮೋನನಿಗೆ ಪ್ರಿಯನಾದವನು, ಅಲೆಕ್ಸಾಂಡರ್. ಅವನು ದೇಶದಲ್ಲಿ ಇದ್ದದ್ದು ಕೆಲವೇ ತಿಂಗಳು. ಈಜಿಪ್ಟಿನ ಅರ್ಚಕರಿಗೆ ಅವನ ಹುಟ್ಟೂರು ಮುಖ್ಯವಾಗಿರಲಿಲ್ಲ. ದೇವರಿಗೂ ನಾಡಿಗೂ ನಡುವೆ ನಿಲ್ಲಲು ಒಬ್ಬ ಫೇರೋ ಬೇಕಿತ್ತು. ಆ ಜಾಗದಲ್ಲಿ ಇವನನ್ನು ಬರೆದುಕೊಂಡರು. ಮೂರು ಸಾವಿರ ವರ್ಷದ ಒಂದು ಪಟ್ಟಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೇ.

ಬ್ಯಾಬಿಲೋನಿನ ಹಲಗೆ ಹೇಳುವುದು

ಮತ್ತೆ ಹಲಗೆಗಳಿಗೆ ಬರೋಣ. ಕ್ರಿ.ಪೂ. 331ರ ಹಲಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾಖಲೆ. ಆರನೇ ತಿಂಗಳ 13ನೇ ದಿನ ಚಂದ್ರಗ್ರಹಣ ಎಂದು ಅದರಲ್ಲಿದೆ. ಗ್ರೀಕ್ ಲೇಖಕರೂ ಗೌಗಮೇಲ ಯುದ್ಧಕ್ಕೆ ಸ್ವಲ್ಪ ಮೊದಲು ಗ್ರಹಣವಾಯಿತು, ಸೈನಿಕರು ಹೆದರಿದರು ಎಂದಿದ್ದಾರೆ. ಗ್ರಹಣ ಯಾವ ದಿನ ಆಯಿತು ಎಂಬುದನ್ನು ಇವತ್ತು ಲೆಕ್ಕ ಹಾಕಿ ಹೇಳಬಹುದು: 331ರ ಸೆಪ್ಟೆಂಬರ್ 20. ಹಲಗೆ ಯುದ್ಧವನ್ನು ಹಾಕಿರುವುದು 24ನೇ ದಿನಕ್ಕೆ, ಅಂದರೆ ಹನ್ನೊಂದು ದಿನ ಆದ ಮೇಲೆ. ಹಾಗಾಗಿ ಯುದ್ಧ ನಡೆದದ್ದು ಅಕ್ಟೋಬರ್ 1. ಅಷ್ಟು ಹಳೆಯ ಘಟನೆಗೆ ಇಷ್ಟು ಖಚಿತ ತಾರೀಖು ಸಿಗುವುದು ಬಹಳ ಅಪರೂಪ.

ಇನ್ನೊಂದು ಸಂಗತಿ. ಗ್ರೀಕ್ ಕಥೆಗಳಲ್ಲಿ ಆಗಿನ ಪರ್ಷಿಯನ್ ಅರಸ ಮೂರನೇ ಡೇರಿಯಸ್ ಹೇಡಿ. ಸೈನ್ಯ ಕಾದಾಡುತ್ತಿರುವಾಗಲೇ ರಥ ತಿರುಗಿಸಿ ಓಡಿಹೋದವನು. ಹಲಗೆ ಹೇಳುವುದು ಬೇರೆ: ರಾಜನ ಸೈನಿಕರು ಅವನನ್ನು ಬಿಟ್ಟು ತಮ್ಮ ತಮ್ಮ ಊರಿಗೆ ಹೋದರು. ಸೈನ್ಯವನ್ನು ರಾಜ ಬಿಟ್ಟನೋ, ರಾಜನನ್ನು ಸೈನ್ಯ ಬಿಟ್ಟಿತೋ? ಗೆದ್ದವರ ಕಥೆ ಎರಡು ಸಾವಿರ ವರ್ಷ ನಡೆಯಿತು. ಆದರೆ ಯುದ್ಧ ನಡೆದ ಕಾಲದಲ್ಲೇ, ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲದೆ ಬರೆದ ಸಾಲು ಇದು. ನಾನಂತೂ ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ.

ನಂತರದ ಸಾಲುಗಳಲ್ಲಿ ಅಲೆಕ್ಸಾಂಡರ್ ಊರಿಗೆ ಬರುವ ಮುಂಚೆ ಒಂದು ಸಂದೇಶ ಬರುತ್ತದೆ: ನಿಮ್ಮ ಮನೆಗಳೊಳಗೆ ನಾನು ನುಗ್ಗುವುದಿಲ್ಲ. ಈ ಒಂದು ಮಾತಿನ ಹಿಂದೆ ಎಷ್ಟು ಆತಂಕ ಇದ್ದಿರಬೇಕು ಯೋಚಿಸಿ. ಟೈರ್‌ನಲ್ಲಿ ಆದದ್ದು ಆಗಲೇ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಆಮೇಲೆ ಜಗತ್ತಿನ ಅರಸ ಅಲೆಕ್ಸಾಂಡರ್ ಬ್ಯಾಬಿಲೋನಿಗೆ ಬಂದ ಎಂದು ಬರುತ್ತದೆ. ಅದೇ ಹಲಗೆಯಲ್ಲಿ ಸ್ವಲ್ಪ ಮೇಲೆ ರಾಜ ಎಂದರೆ ಡೇರಿಯಸ್. ಕೆಲವೇ ವಾರದಲ್ಲಿ ಆ ಜಾಗ ಇವನಿಗೆ ಬಂತು.

ಅವನೂ ಅದಕ್ಕೆ ತಕ್ಕ ಹಾಗೆ ನಡೆದುಕೊಂಡ. ಗೌಗಮೇಲದಲ್ಲಿ ತನ್ನ ವಿರುದ್ಧವೇ ಹೋರಾಡಿದ್ದ ಮಜಾಯಸ್ ಎಂಬ ಪರ್ಷಿಯನ್ನನನ್ನು ಬ್ಯಾಬಿಲೋನಿನ ಸತ್ರಪನಾಗಿ ಮಾಡಿದ. ಮಜಾಯಸ್ ಹೊರಡಿಸಿದ ನಾಣ್ಯಗಳಲ್ಲಿ ಅರಾಮಿಕ್ ಅಕ್ಷರವೇ ಇದೆ. ಮರ್ದುಕ್ ದೇವರ ಎಸಗಿಲ ಗುಡಿಯನ್ನು ದುರಸ್ತಿ ಮಾಡಿಸಲು ಅಲೆಕ್ಸಾಂಡರ್ ಹೇಳಿದ. ಅಲ್ಲಿನ ಕಲ್ಲುಮಣ್ಣು ತೆಗೆಸಲು ಜನ ಹಣ ಕೊಟ್ಟ ಲೆಕ್ಕವೂ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ.

ಪರ್ಸೆಪೊಲಿಸ್ ಬೆಂಕಿ

ಇರಾನಿನಲ್ಲಿ ಈ ನಾಜೂಕು ಉಳಿಯಲಿಲ್ಲ. 330ರಲ್ಲಿ ಪರ್ಸೆಪೊಲಿಸ್ ಅರಮನೆ ಸುಟ್ಟುಹೋಯಿತು. ಕುಡಿದ ಮತ್ತಿನಲ್ಲಿ ಹಚ್ಚಿದ ಬೆಂಕಿ ಎಂದು ಕೆಲವು ಲೇಖಕರು, ಹಿಂದೆ ಪರ್ಷಿಯನ್ನರು ಅಥೆನ್ಸ್ ಸುಟ್ಟದ್ದಕ್ಕೆ ಸೇಡು ಎಂದು ಅರಿಯನ್. ಅಲ್ಲಿನ ಖಜಾನೆಯಲ್ಲಿ 1,20,000 ಟ್ಯಾಲೆಂಟ್ ಬೆಲೆಯ ಬೆಳ್ಳಿ ಬಂಗಾರ ಸಿಕ್ಕಿತು ಎಂದು ಡಯೊಡೋರಸ್ ಹೇಳುತ್ತಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ. ಕೂಡಿಟ್ಟಿದ್ದ ಆ ಲೋಹ ನಾಣ್ಯವಾಗಿ ಪೇಟೆಗಳಿಗೆ ಹರಿಯಿತು. ಹೆರಾಕ್ಲಿಸ್ ತಲೆಯ ಬೆಳ್ಳಿ ನಾಣ್ಯ ಊರೂರಿಗೂ ಹೋಯಿತು.

ಇರಾನಿನವರ ನೆನಪಿನಲ್ಲಿ ಈ ಗಾಯ ಬಹಳ ಕಾಲ ಉಳಿಯಿತು. ಜರತುಷ್ಟ್ರ ಧರ್ಮದ ಮಧ್ಯಕಾಲದ ಗ್ರಂಥಗಳಲ್ಲಿ ಅವನು ಶಾಪಗ್ರಸ್ತ ಅಲೆಕ್ಸಾಂಡರ್. ಎತ್ತಿನ ಚರ್ಮದ ಮೇಲೆ ಬರೆದಿಟ್ಟಿದ್ದ ಧರ್ಮಗ್ರಂಥವನ್ನು ಸುಟ್ಟವನು, ಅರ್ಚಕರನ್ನು ಕೊಂದವನು. ಅದೇ ಇರಾನಿನಲ್ಲಿ ಕ್ರಿ.ಶ. 1010ರ ಹೊತ್ತಿಗೆ ಕವಿ ಫಿರ್ದೌಸಿ ಶಹನಾಮೆ ಎಂಬ ಕಾವ್ಯ ಮುಗಿಸುವಾಗ ಅವನು ಸಿಕಂದರ್ ಆಗಿದ್ದ, ಇರಾನಿನ ರಾಜನ ಮಗನೇ ಆಗಿದ್ದ. ಸೋಲನ್ನು ಮನೆಯೊಳಗಿನ ವಿಷಯ ಮಾಡಿಕೊಂಡರೆ ನೋವು ಕಡಿಮೆಯಾಗುತ್ತದೆ ಅನಿಸುತ್ತದೆ. ಎರಡು ನೆನಪುಗಳೂ ಒಂದೇ ನಾಡಿನವು.

ಚರ್ಮದ ಮೇಲಿನ ಪತ್ರಗಳು

ಡೇರಿಯಸ್‌ನನ್ನು ಅವನ ಕಡೆಯವರೇ ಕೊಂದರು. ಬೆಸಸ್ ಎಂಬ ಸತ್ರಪ ತಾನೇ ರಾಜ ಎಂದ. ಅವನನ್ನು ಹಿಡಿಯಲು ಅಲೆಕ್ಸಾಂಡರ್ ಬ್ಯಾಕ್ಟ್ರಿಯಾ ಮತ್ತು ಸೋಗ್ಡಿಯಾನಾಕ್ಕೆ ಬಂದ. ಅಂದರೆ ಇಂದಿನ ಉತ್ತರ ಅಫ್ಘಾನಿಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನದ ಕಡೆ. ಬೆಸಸ್ ಬೇಗ ಸಿಕ್ಕಿದ. ನಾಡು ಸಿಗಲಿಲ್ಲ. ಸ್ಪಿಟಮೆನಿಸ್ ಎಂಬ ಸೋಗ್ಡಿಯನ್ ನಾಯಕ ಕುದುರೆ ಸವಾರರನ್ನು ಕಟ್ಟಿಕೊಂಡು ಹೊಡೆದು ಮಾಯವಾಗುತ್ತಿದ್ದ. ದೊಡ್ಡ ಬಯಲು ಯುದ್ಧಕ್ಕೆ ಪಳಗಿದ್ದ ಸೈನ್ಯ ಇಲ್ಲಿ ಒದ್ದಾಡಿತು. ಸಿಟ್ಟಿಗೆ ಊರೂರೇ ನಾಶವಾದವು. ಕೊನೆಗೆ 327ರಲ್ಲಿ ಅಲ್ಲಿನ ನಾಯಕನೊಬ್ಬನ ಮಗಳು ರೊಕ್ಸಾನಾಳನ್ನು ಅಲೆಕ್ಸಾಂಡರ್ ಮದುವೆಯಾದ. ಎರಡು ವರ್ಷದ ಯುದ್ಧದಿಂದ ಆಗದಿದ್ದ ಶಾಂತಿಗೆ ಈ ಸಂಬಂಧ ನೆರವಾಯಿತು.

ಇಲ್ಲಿಯದೇ ಒಂದು ಕಟ್ಟು ಪತ್ರಗಳು ಈಗ ಲಂಡನ್ನಿನ ಖಲೀಲಿ ಸಂಗ್ರಹದಲ್ಲಿವೆ. 2012ರಲ್ಲಿ ಅಚ್ಚಾದವು. ಸುಮಾರು ಐವತ್ತು ದಾಖಲೆಗಳು, ಚರ್ಮದ ಮೇಲೆ ಮತ್ತು ಮರದ ಕಡ್ಡಿಗಳ ಮೇಲೆ ಅರಾಮಿಕ್‌ನಲ್ಲಿ ಬರೆದವು. ಕ್ರಿ.ಪೂ. 348ರ ಹೊತ್ತಿನ ಒಂದು ಪತ್ರ ನೋಡಿ. ಅಖ್ವಮಜ್ದ ಎಂಬ ಮೇಲಧಿಕಾರಿ ಖುಲ್ಮ್ ಊರಿನ ಅಧಿಕಾರಿ ಬಗವಂತನಿಗೆ ಬರೆದದ್ದು. ಪಟ್ಟಣಕ್ಕೆ ಗೋಡೆ ಕಟ್ಟಿಸು ಎಂದು ಮೊದಲೇ ಆಜ್ಞೆಯಾಗಿತ್ತು. ಬಗವಂತ ಜನ ಸೇರಿಸಿದ. ಅಷ್ಟರಲ್ಲಿ ಮಿಡತೆಗಳು ಬಂದವು. ಬೆಳೆ ಕೊಯ್ಲಿಗೆ ಬಂದು ನಿಂತಿದೆ, ಗೋಡೆ ಕಟ್ಟುತ್ತಾ ಕೂತರೆ ಬೆಳೆ ಹೋಗುತ್ತದೆ, ಜನರನ್ನು ಹೊಲಕ್ಕೆ ಬಿಡಬೇಕು ಎಂದು ಕೇಳಿಕೊಂಡ. ಮೇಲಧಿಕಾರಿ ಒಪ್ಪಿದ. ಮೊದಲು ಕೊಯ್ಲು, ಆಮೇಲೆ ಗೋಡೆ. ಸಾಮ್ರಾಜ್ಯ ಎಂದರೆ ನಿಜವಾಗಿ ಏನು ಎಂಬುದು ಇಂಥ ಪತ್ರದಲ್ಲಿ ಗೊತ್ತಾಗುತ್ತದೆ. ಸುಡುಬಿಸಿಲಿನ ಒಂದು ಸಣ್ಣ ಊರಿನ ಬೆಳೆಯ ಚಿಂತೆ ಬರವಣಿಗೆಯಲ್ಲಿ ಮೇಲಕ್ಕೆ ಹೋಗಿ, ಉತ್ತರ ಬರವಣಿಗೆಯಲ್ಲೇ ಕೆಳಗೆ ಬಂತು.

ಅದೇ ಕಟ್ಟಿನಲ್ಲಿ ಇನ್ನೊಂದು ಚರ್ಮದ ಹಾಳೆ ಇದೆ. ಬಾರ್ಲಿ ಹಂಚಿದ ಪಟ್ಟಿ. ಯಾರಿಗೆ ಎಷ್ಟು ಎಂದು ಅದೇ ಅರಾಮಿಕ್‌ನಲ್ಲಿ ಬರೆದಿದೆ. ತಾರೀಖು ಮಾತ್ರ ಹೊಸದು: ಅಲೆಕ್ಸಾಂಡರ್ ಅರಸನ 7ನೇ ವರ್ಷ. ಡೇರಿಯಸ್ ಸತ್ತು ಇವನು ಪರ್ಷಿಯಾದ ಅರಸನಾದಲ್ಲಿಂದ ಎಣಿಸಿದರೆ ಕ್ರಿ.ಪೂ. 324. ರಾಜ ಬದಲಾದ, ಹೆಸರು ಬದಲಾಯಿತು. ಗುಮಾಸ್ತ ಅದೇ ಭಾಷೆಯಲ್ಲಿ ಬಾರ್ಲಿ ಲೆಕ್ಕ ಬರೆಯುತ್ತಲೇ ಇದ್ದ. ಅಲೆಕ್ಸಾಂಡರ್ ಮಾಡಿದ ಅತ್ಯಂತ ಜಾಣ ಕೆಲಸ ಯಾವುದು ಎಂದರೆ ನಾನು ಯಾವ ಯುದ್ಧವನ್ನೂ ತೋರಿಸುವುದಿಲ್ಲ. ಈ ಕಚೇರಿಗಳನ್ನು ಮುಟ್ಟದೆ ಬಿಟ್ಟದ್ದನ್ನು ತೋರಿಸುತ್ತೇನೆ.

ಮೂವರು ದುಭಾಷಿಗಳು

326ರ ವಸಂತದಲ್ಲಿ ಅವನು ತಕ್ಷಶಿಲೆಗೆ ಬಂದ. ಅಲ್ಲಿನ ಅರಸ ಅಂಭಿ ಮೊದಲೇ ಸಂಧಿ ಮಾಡಿಕೊಂಡಿದ್ದ. ಜೊತೆಗಿದ್ದ ಗ್ರೀಕರು ಕಂಡದ್ದನ್ನೆಲ್ಲ ಬರೆದುಕೊಂಡರು. ನೀರು ನಿಲ್ಲಿಸಿದ ಪಾತಿಗಳಲ್ಲಿ ಬೆಳೆಯುವ ಭತ್ತ, ಗಿಡದಲ್ಲಿ ಬಿಡುವ ಉಣ್ಣೆ ಎಂದರೆ ನಮ್ಮ ಹತ್ತಿ, ಗಂಡನ ಚಿತೆಯಲ್ಲಿ ಸಾಯುವ ಹೆಂಗಸರು.

ಊರ ಹೊರಗೆ ಬಿಸಿಲಲ್ಲಿ ಬರಿಮೈಯಲ್ಲಿ ಕೂತಿದ್ದ ತಪಸ್ವಿಗಳನ್ನು ಮಾತಾಡಿಸಲು ಒನೆಸಿಕ್ರಿಟಸ್ ಎಂಬವನನ್ನು ಕಳಿಸಿದರು. ಅವರಲ್ಲಿ ಹಿರಿಯನ ಹೆಸರನ್ನು ಗ್ರೀಕರು ಮಂದನಿಸ್ ಎಂದು ಬರೆದಿದ್ದಾರೆ. ಮಾತು ನಡೆದದ್ದು ಮೂವರು ದುಭಾಷಿಗಳ ಮೂಲಕ. ಗ್ರೀಕ್‌ನಿಂದ ಬಹುಶಃ ಪರ್ಷಿಯನ್‌ಗೆ, ಅಲ್ಲಿಂದ ಗಡಿಯ ಕಡೆಯ ಭಾಷೆಗೆ, ಅಲ್ಲಿಂದ ಇಲ್ಲಿಯ ಮಾತಿಗೆ. ಮಂದನಿಸ್ ಮೊದಲೇ ಕ್ಷಮೆ ಕೇಳಿದ. ಈ ದುಭಾಷಿಗಳಿಗೆ ಭಾಷೆ ಬರುತ್ತದೆಯೇ ಹೊರತು ವಿಷಯ ಗೊತ್ತಿಲ್ಲ, ಇವರ ಮೂಲಕ ನನ್ನ ತತ್ವ ತಿಳಿಸು ಎನ್ನುವುದು ಕೆಸರಿನ ಮೂಲಕ ಹರಿದ ನೀರು ತಿಳಿಯಾಗಿರಲಿ ಎಂದ ಹಾಗೆ ಎಂದ. ಇದನ್ನು ಗ್ರೀಕ್ ಲೇಖಕ ಸ್ಟ್ರಾಬೊ ಉಳಿಸಿಕೊಟ್ಟಿದ್ದಾನೆ. ಎರಡು ಸಂಸ್ಕೃತಿಗಳ ಭೇಟಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಭೇಟಿ ನಡೆದದ್ದು ಹೀಗೆ, ತಡವರಿಸಿಕೊಂಡು. ಗ್ರೀಕರು ಭಾರತದ ತತ್ವಜ್ಞಾನದ ಬಗ್ಗೆ ಬರೆದದ್ದನ್ನು ಓದುವಾಗ ಈ ಮೂವರು ದುಭಾಷಿಗಳು ನೆನಪಿನಲ್ಲಿರಬೇಕು.

ತಪಸ್ವಿಗಳಲ್ಲಿ ಕಲನೋಸ್ ಎಂಬವನು ಸೈನ್ಯದ ಜೊತೆ ಹೊರಟ. ಇರಾನ್ ತಲುಪಿದಾಗ ಕಾಯಿಲೆ ಬಿದ್ದು, ತಾನೇ ಚಿತೆ ಸಿದ್ಧ ಮಾಡಿಸಿಕೊಂಡು, ಇಡೀ ಸೈನ್ಯದ ಎದುರು ಬೆಂಕಿಗೆ ಏರಿದ. ಗ್ರೀಕರು ಇದನ್ನು ಎಂದಿಗೂ ಮರೆಯಲಿಲ್ಲ.

ಝೀಲಂ ದಡದಲ್ಲಿ ಪೋರಸ್ ಸೋತ, ರಾಜ್ಯ ಮರಳಿ ಪಡೆದ. ಆ ಕಥೆ ಎಲ್ಲರಿಗೂ ಗೊತ್ತು. ಬಿಯಾಸ್ ನದಿಗೆ ಬಂದಾಗ ಸೈನಿಕರು ಇನ್ನು ಮುಂದೆ ಬರುವುದಿಲ್ಲ ಎಂದರು. ಎಪ್ಪತ್ತು ದಿನ ಬಿಡದೆ ಮಳೆ ಸುರಿದಿತ್ತು. ಎದುರಿಗೆ ಗಂಗಾ ಬಯಲಿನ ನಂದರ ಆನೆಪಡೆಯ ಸುದ್ದಿ. ಹಿಂತಿರುಗುವ ದಾರಿಯಲ್ಲಿ ಮಲ್ಲರ ಊರುಗಳಲ್ಲಿ ಆದ ಕೊಲೆಗಳು ಅವನ ಜೀವನದಲ್ಲೇ ಅತಿ ಕ್ರೂರ. ಅಲ್ಲೇ ಎದೆಗೆ ಬಾಣ ಬಿದ್ದು ಸಾಯುವ ಸ್ಥಿತಿಗೆ ಬಂದ. ಬಲೂಚಿಸ್ತಾನದ ಮರುಭೂಮಿ ದಾಟುವಾಗ ಇನ್ನೆಷ್ಟೋ ಜನ ಸತ್ತರು. ಇಷ್ಟೆಲ್ಲ ಆದರೂ ಆ ಕಾಲದ ಯಾವ ಭಾರತೀಯ ಬರಹವೂ ಅವನ ಹೆಸರು ಹೇಳುವುದಿಲ್ಲ. ಅವನು ಬಂದದ್ದು ಒಂದು ಅಂಚಿಗೆ, ಇದ್ದದ್ದು ಸುಮಾರು ಎರಡು ವರ್ಷ.

ತಲೆಬಾಗುವ ಜಗಳ

ಅವನ ದೊಡ್ಡ ಸಾಂಸ್ಕೃತಿಕ ಸಂಘರ್ಷ ನಡೆದದ್ದು ಸೋತವರ ಜೊತೆ ಅಲ್ಲ, ತನ್ನವರ ಜೊತೆಯೇ. ಡೇರಿಯಸ್ ಸತ್ತ ಮೇಲೆ ಅವನು ಪರ್ಷಿಯನ್ ಅರಸನ ಉಡುಪಿನ ಭಾಗಗಳನ್ನು ಧರಿಸತೊಡಗಿದ. ಪರ್ಷಿಯನ್ ಆಸ್ಥಾನದಲ್ಲಿ ರಾಜನಿಗೆ ಬಗ್ಗಿ ವಂದಿಸುವುದು, ಕೆಲವರು ನೆಲಕ್ಕೆ ಬೀಳುವುದು ರೂಢಿ. ಅಂತಸ್ತಿಗೆ ತಕ್ಕಂತೆ ಮಾಡುವ ಮರ್ಯಾದೆ ಅದು. ಗ್ರೀಕರಿಗೆ ಹಾಗೆ ಬೀಳುವುದು ದೇವರ ಮುಂದೆ ಮಾತ್ರ. ನಮಗೆ ಇದು ಬೇಗ ಅರ್ಥವಾಗುತ್ತದೆ. ನಾವು ಅಜ್ಜ ಅಜ್ಜಿಯ ಕಾಲಿಗೂ ಬೀಳುತ್ತೇವೆ, ದೇವರ ಮುಂದೆಯೂ ಅಡ್ಡಬೀಳುತ್ತೇವೆ. ಕಾಲಿಗೆ ಬಿದ್ದ ಮಾತ್ರಕ್ಕೆ ಅಜ್ಜ ದೇವರಾದ ಎಂದು ಯಾರೂ ತಿಳಿಯುವುದಿಲ್ಲ. ಗ್ರೀಕರು ಹಾಗೇ ತಿಳಿದರು. 327ರಲ್ಲಿ ಎಲ್ಲರೂ ಹೀಗೇ ವಂದಿಸಲಿ ಎಂದು ನೋಡಿದಾಗ ಮ್ಯಾಸಿಡೋನಿಯನ್ನರು ಸಿಡಿದರು. ಆಸ್ಥಾನದ ಇತಿಹಾಸಕಾರ ಕ್ಯಾಲಿಸ್ತನಿಸ್ ಎದುರು ಮಾತಾಡಿದ. ಸ್ವಲ್ಪ ದಿನಕ್ಕೆ ಪಿತೂರಿಯ ಆರೋಪದಲ್ಲಿ ಸಿಕ್ಕಿ ಸತ್ತ. ಹಿಂದಿನ ವರ್ಷ ಸಮರಕಂದದಲ್ಲಿ, ಹಿಂದೆ ತನ್ನ ಪ್ರಾಣ ಉಳಿಸಿದ್ದ ಕ್ಲೈಟಸ್‌ನನ್ನೇ ಕುಡಿದ ಜಗಳದಲ್ಲಿ ಅಲೆಕ್ಸಾಂಡರ್ ಇರಿದು ಕೊಂದಿದ್ದ. ಆ ಜಗಳದ ಹಿಂದೆಯೂ ಇದೇ ಅಸಮಾಧಾನ ಇತ್ತು.

324ರಲ್ಲಿ ಸೂಸಾದಲ್ಲಿ ಸಾಮೂಹಿಕ ಮದುವೆ ನಡೆಯಿತು. ಸುಮಾರು 80 ಸೇನಾಧಿಕಾರಿಗಳಿಗೆ ಇರಾನಿನ ಗಣ್ಯರ ಹೆಣ್ಣುಮಕ್ಕಳನ್ನು ಪರ್ಷಿಯನ್ ಶಾಸ್ತ್ರದಂತೆ ಕೊಟ್ಟರು. ಮನುಕುಲವನ್ನು ಒಂದು ಮಾಡುವ ಕನಸು ಎಂದು ಇದನ್ನು ಹೊಗಳಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗಂಡುಗಳೆಲ್ಲ ಗೆದ್ದವರ ಕಡೆಯವರು, ಹೆಣ್ಣುಗಳೆಲ್ಲ ಸೋತವರ ಕಡೆಯವರು. ಒಬ್ಬ ಮ್ಯಾಸಿಡೋನಿಯನ್ ಹೆಣ್ಣನ್ನೂ ಪರ್ಷಿಯನ್ನನಿಗೆ ಕೊಡಲಿಲ್ಲ. ಆಳುವ ಎರಡು ಗುಂಪುಗಳನ್ನು ಬೆಸೆಯುವ ಲೆಕ್ಕಾಚಾರ ಇದು. ಅದೇ ವರ್ಷ ಮ್ಯಾಸಿಡೋನಿಯನ್ ಮಾದರಿಯಲ್ಲಿ ತರಬೇತಾದ 30,000 ಇರಾನಿ ಹುಡುಗರು ಸೈನ್ಯಕ್ಕೆ ಬಂದರು. ಹಳೆಯ ಸೈನಿಕರು ಓಪಿಸ್‌ನಲ್ಲಿ ದಂಗೆ ಎದ್ದರು. ರಾಜಿಯಾಗಿ ದೊಡ್ಡ ಔತಣ ನಡೆಯಿತು. ರಾಜನ ಪಕ್ಕ ಮೊದಲು ಮ್ಯಾಸಿಡೋನಿಯನ್ನರು, ಆಮೇಲೆ ಪರ್ಷಿಯನ್ನರು, ಆಮೇಲೆ ಉಳಿದವರು. ಪಂಕ್ತಿಯ ಕ್ರಮವೇ ಎಲ್ಲ ಹೇಳುತ್ತದೆ.

ಅವನ ನಂತರ

ಅವನು ಸತ್ತ ಸುದ್ದಿ ಬಂದಾಗ ಬ್ಯಾಕ್ಟ್ರಿಯಾದಲ್ಲಿ ಬಿಟ್ಟುಹೋಗಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರೀಕರು ಮನೆಗೆ ಹೋಗುತ್ತೇವೆ ಎಂದು ಹೊರಟರು. ತಮ್ಮ ಊರಿನ ರೀತಿ ನೀತಿಗೆ ಅವರು ಹಂಬಲಿಸುತ್ತಿದ್ದರು ಎಂದು ಡಯೊಡೋರಸ್ ಬರೆಯುತ್ತಾನೆ. ಮ್ಯಾಸಿಡೋನಿಯನ್ ಸೈನ್ಯ ಅವರನ್ನು ತಡೆದು ಕೊಂದಿತು. ಸೇನಾಪತಿಗಳು ಸಾಮ್ರಾಜ್ಯ ಹಂಚಿಕೊಂಡರು. ಸೂಸಾದ ಮದುವೆಗಳು ಹೆಚ್ಚಿನವು ಮುರಿದವು. ಉಳಿದದ್ದರಲ್ಲಿ ಹೆಸರಾದದ್ದು ಸೆಲ್ಯೂಕಸ್ ಎಂಬ ಸೇನಾಪತಿ ಮತ್ತು ಅಪಾಮಾ ಜೋಡಿ. ಅವಳು ಅಲೆಕ್ಸಾಂಡರನನ್ನು ಕಾಡಿದ್ದ ಅದೇ ಸ್ಪಿಟಮೆನಿಸ್‌ನ ಮಗಳು. ಅವರ ಮಗ ಆಂಟಿಯೋಕಸ್ ಸಿರಿಯಾದಿಂದ ಮಧ್ಯ ಏಷ್ಯಾದವರೆಗೆ ಆಳಿದ.

ಸಂಸ್ಕೃತಿಗಳು ನಿಜವಾಗಿ ಬೆರೆತದ್ದು ಈ ನಂತರದ ಕಾಲದಲ್ಲಿ. 1961ರಲ್ಲಿ ಅಫ್ಘಾನಿಸ್ತಾನದ ದೊರೆ ಜಹೀರ್ ಶಾ ಬೇಟೆಗೆ ಹೋದಾಗ ಅಮು ದರಿಯಾ ದಂಡೆಯ ಐ ಖಾನುಮ್‌ನಲ್ಲಿ ಗ್ರೀಕ್ ಕಂಬಗಳ ತಲೆಗಲ್ಲು ಕಂಡ. ಫ್ರೆಂಚರು ಅಗೆದು ನೋಡಿದರೆ ಇಡೀ ನಗರ. ಗ್ರೀಕ್ ರಂಗಮಂದಿರ, ವ್ಯಾಯಾಮಶಾಲೆ. ಆದರೆ ಅರಮನೆ ಪರ್ಷಿಯನ್ ಮಾದರಿ, ದೊಡ್ಡ ಗುಡಿಯ ಗೋಡೆ ಮೆಸೊಪೊಟೇಮಿಯಾದ ಮಾದರಿ. ಕ್ರಿ.ಪೂ. 180ರ ಸುಮಾರಿನ ಗ್ರೀಕ್ ರಾಜ ಅಗಾಥೊಕ್ಲಿಸ್‌ನ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕವು. ಒಂದು ಕಡೆ ನೇಗಿಲು ಹಿಡಿದ ಬಲರಾಮ, ಇನ್ನೊಂದು ಕಡೆ ಚಕ್ರ ಹಿಡಿದ ವಾಸುದೇವ. ಅಕ್ಷರ ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಬ್ರಾಹ್ಮಿ.

ನಮ್ಮ ಕಡೆಗೂ ಒಂದು ಎಳೆ ಬಂದಿದೆ. ಸೆಲ್ಯೂಕಸ್ ಕ್ರಿ.ಪೂ. 303ರ ಸುಮಾರಿಗೆ ಚಂದ್ರಗುಪ್ತ ಮೌರ್ಯನಿಗೆ ಕಂದಹಾರದ ಕಡೆಯ ನಾಡು ಬಿಟ್ಟುಕೊಟ್ಟು 500 ಆನೆ ತೆಗೆದುಕೊಂಡ. ಚಂದ್ರಗುಪ್ತನ ಮೊಮ್ಮಗ ಅಶೋಕ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಎರಡರಲ್ಲೂ ಶಾಸನ ಹಾಕಿಸಿದ. ಅವನ 13ನೇ ಬಂಡೆ ಶಾಸನದಲ್ಲಿ ಐವರು ಗ್ರೀಕ್ ಅರಸರ ಹೆಸರಿದೆ. ಅದರಲ್ಲಿ ಒಬ್ಬ ಅಲಿಕಸುದರ, ಎಂದರೆ ಅಲೆಕ್ಸಾಂಡರ್. ಆದರೆ ಇವನು ಅದೇ ಹೆಸರಿನ ನಂತರದ ಬೇರೊಬ್ಬ ಅರಸ.

ಪರ್ಷಿಯನ್ ಕಚೇರಿಯ ಅರಾಮಿಕ್ ಅಕ್ಷರದಿಂದ ಗಾಂಧಾರದಲ್ಲಿ ಖರೋಷ್ಠಿ ಲಿಪಿ ಹುಟ್ಟಿತ್ತು. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಬ್ರಹ್ಮಗಿರಿಯದು ಶುರುವಾಗುವುದೇ ಕಚೇರಿ ಪತ್ರದ ಹಾಗೆ: ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ, ಆರೋಗ್ಯ ವಿಚಾರಿಸಿ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಗೆ ಬರೆದವನ ಹೆಸರು, ಚಪಡ. ಅದರ ಮುಂದೆ ಲಿಪಿಕಾರ ಎಂಬ ತನ್ನ ಹುದ್ದೆಯನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಕಚೇರಿಗಳಲ್ಲಿ ಬರವಣಿಗೆ ಕಲಿತವನಿರಬೇಕು. ಬಾರ್ಲಿ ಲೆಕ್ಕ ಬರೆದ ಆ ಬ್ಯಾಕ್ಟ್ರಿಯಾದ ಗುಮಾಸ್ತನಿಗೂ ಚಪಡನಿಗೂ ನಡುವೆ ಇರುವುದು ನೂರು ವರ್ಷಕ್ಕೂ ಕಡಿಮೆ.